ಬಾಡಿಗೆ ಮನೆ, 12 ಸಾವಿರ ರೂಪಾಯಿ: ಹೊಸ ಮೊಳೆ ಹೊಡೆಯದೆ ಮನೆ ಚೆಂದ ಮಾಡುವ ಕ್ರಮ

ಹೊಸ ಬಾಡಿಗೆ ಮನೆಗೆ ಬಂದ ಮೊದಲ ಭಾನುವಾರ ಬಹಳ ಜನ ಮಾಡುವುದು ಒಂದೇ ಕೆಲಸ. ಹುಬ್ಬಳ್ಳಿಯ ದುರ್ಗದ ಬೈಲಿಗೋ ಕೊಪ್ಪಿಕರ ರೋಡಿಗೋ ಹೋಗಿ ಪರದೆ, ಗೋಡೆ ಸ್ಟಿಕ್ಕರ್, ಒಂದು ರಗ್ಗು ತರುತ್ತಾರೆ. ಮನೆಗೆ ಬಂದು ಹಾಕಿದರೆ ಪರದೆ ನೆಲದಿಂದ ಒಂದು ಗೇಣು ಮೇಲೆ ನಿಲ್ಲುತ್ತದೆ. ರಗ್ಗು ಪಡಸಾಲೆಯ ನಡುವೆ ಕರವಸ್ತ್ರ ಬಿದ್ದ ಹಾಗೆ ಕಾಣುತ್ತದೆ. ಸ್ಟಿಕ್ಕರ್ ಮಳೆಗಾಲದಲ್ಲಿ ಬಣ್ಣದ ಸಮೇತ ಕಳಚುತ್ತದೆ. ಮನೆ ಬಿಡುವಾಗ ಆ ಬಣ್ಣದ ಖರ್ಚು ಡಿಪಾಸಿಟ್‌ನಲ್ಲಿ ಮುರಿದುಕೊಳ್ಳುತ್ತಾರೆ.

ಧಾರವಾಡದ ಸಪ್ತಾಪುರದಲ್ಲಿ ನನ್ನ ಮೊದಲ ಬಾಡಿಗೆ ಮನೆಯಲ್ಲಿ ಇದೇ ಆಯಿತು. ಮರದ ಚಿತ್ರದ ದೊಡ್ಡ ಸ್ಟಿಕ್ಕರ್ ಕಿತ್ತಾಗ ಅಂಗೈ ಅಗಲದ ಚಕ್ಕೆ ಎದ್ದು ಬಂತು. ಒಳಗೆ ಮೂರು ಪದರ ಕಂಡಿತು: ಮೇಲೆ ಕ್ರೀಮ್, ಅದರ ಕೆಳಗೆ ಹಸಿರು, ಎಲ್ಲಕ್ಕಿಂತ ಕೆಳಗೆ ನೀಲಿ ಹಾಕಿದ ಸುಣ್ಣ. ಸುಣ್ಣದ ಮೇಲೆ ಹಚ್ಚಿದ ಬಣ್ಣಕ್ಕೆ ಹಿಡಿತವೇ ಇರಲಿಲ್ಲ. ಎರಡು ನಿಮಿಷದ ಪರೀಕ್ಷೆ ಮಾಡಿದ್ದರೆ ಅದು ಮೊದಲೇ ಗೊತ್ತಾಗುತ್ತಿತ್ತು.

ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕೊಳ್ಳುವ ಕೆಲಸ ಶುರುವಾಗುವುದೇ 5ನೇ ಹಂತದಲ್ಲಿ. ಅಲ್ಲಿಯವರೆಗೆ ಪರ್ಸ್ ತೆಗೆಯಬೇಡಿ.

ಕೈಯಲ್ಲಿ ಇರಬೇಕಾದ ಸಾಮಾನು

ಅಳತೆ ಟೇಪ್ (ದರ್ಜಿಯವರದ್ದಲ್ಲ, ಸ್ಟೀಲಿನದ್ದು), ಪೆನ್ಸಿಲ್, ನೋಟ್‌ಬುಕ್, ಸೆಲ್ಲೋ ಟೇಪ್, ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್, ಸ್ಕ್ರೂ ಡ್ರೈವರ್, ಹಳೇ ಪೇಪರ್, ಸೂಜಿ-ದಾರ. ಡ್ರಿಲ್ ಮಷಿನ್ ಬೇಡ. ಫೋನಿನಲ್ಲಿ ಲೆವೆಲ್ ನೋಡುವ ಆ್ಯಪ್ ಇದ್ದರೆ ಸಾಕು, ಬೇರೆ ಮಟ್ಟಗೋಲು ಕೊಳ್ಳಬೇಕಿಲ್ಲ.

1. ಸಾಮಾನು ಇಳಿಸುವ ಮೊದಲು ಫೋಟೋ, ಆಮೇಲೆ ಮಾಲಕರ ಹತ್ತಿರ ಮಾತು

ಖಾಲಿ ಮನೆಯ ಪ್ರತಿ ಗೋಡೆ, ಬಾಗಿಲು, ಕಿಟಕಿ, ಸ್ವಿಚ್ ಬೋರ್ಡ್, ನಳ, ನೆಲದ ಬಿರುಕು ಎಲ್ಲದರ ಫೋಟೋ ತೆಗೆಯಿರಿ. ಮೊದಲೇ ಇರುವ ಮೊಳೆ, ತೂತುಗಳನ್ನು ಹತ್ತಿರದಿಂದ ತೆಗೆಯಿರಿ. ಅವತ್ತೇ ಮಾಲಕರ ವಾಟ್ಸಾಪ್‌ಗೆ ಕಳಿಸಿ. ದಿನಾಂಕ ತಾನಾಗಿ ದಾಖಲಾಗುತ್ತದೆ. ಇಷ್ಟು ಮಾಡಿದರೆ ಮನೆ ಬಿಡುವಾಗ ಜಗಳದ ಮುಕ್ಕಾಲು ಭಾಗ ಹುಟ್ಟುವುದೇ ಇಲ್ಲ.

ನಮ್ಮ ಕಡೆ ಮಾಲಕರು ಮೊದಲು ಹೇಳುವ ಮಾತೇ "ಮೊಳಿ ಒಂದೂ ಹೊಡಿಬ್ಯಾಡ್ರಿ" ಅಂತ. ಅದಕ್ಕೆ ಮುಖ ಸಣ್ಣ ಮಾಡಿಕೊಳ್ಳಬೇಡಿ, ಬೇಕಾದ್ದನ್ನು ಎಣಿಸಿ ಕೇಳಿ. "ಕಾಕಾ, ಹಳೇ ಮೊಳಿ ಇದ್ದಲ್ಲೇ ಫೋಟೋ ಹಾಕ್ತೀವ್ರಿ. ಪರದೆಕ್ಕ ಮಾತ್ರ ಕಿಡಕಿ ಚೌಕಟ್ಟಿಗೆ ಎರಡು ಹುಕ್ಕು ಹಾಕ್ಕೊಳ್ಳೂಣೇನ್ರಿ?" ಅಂತ ಕೇಳಿದರೆ ಒಪ್ಪುವವರೇ ಜಾಸ್ತಿ. "ಸ್ವಲ್ಪ ಡೆಕೊರೇಷನ್ ಮಾಡ್ಕೋತೀವಿ" ಅಂದರೆ ಗಾಬರಿಯಾಗುತ್ತಾರೆ. ಒಪ್ಪಿದ ಮೇಲೆ ಅದನ್ನೂ ಒಂದು ಸಾಲು ಮೆಸೇಜ್ ಹಾಕಿಡಿ.

2. ಗೋಡೆಗೆ ಮೂರು ಪರೀಕ್ಷೆ

ಮೊದಲನೆಯದು ಬೆರಳಿನ ಪರೀಕ್ಷೆ. ಗೋಡೆಯ ಮೇಲೆ ಬೆರಳು ಒತ್ತಿ ಎಳೆಯಿರಿ. ಬೆರಳಿಗೆ ಬಿಳಿ ಪುಡಿ ಹತ್ತಿದರೆ ಅದು ಸುಣ್ಣ ಅಥವಾ ಅಗ್ಗದ ಡಿಸ್ಟೆಂಪರ್. ಆ ಗೋಡೆಗೆ ಅಂಟಿಸುವ ಹುಕ್ಕು, ಸ್ಟಿಕ್ಕರ್, ವಾಲ್‌ಪೇಪರ್ ಯಾವುದೂ ಬೇಡ.

ಎರಡನೆಯದು ಟೇಪ್ ಪರೀಕ್ಷೆ. ಬೀರು ಬರುವ ಜಾಗದಂಥ ಕಾಣದ ಮೂಲೆಯಲ್ಲಿ ನಾಲ್ಕು ಇಂಚು ಸೆಲ್ಲೋ ಟೇಪ್ ಅಂಟಿಸಿ, ಚೆನ್ನಾಗಿ ಉಜ್ಜಿ, ಒಮ್ಮೆಲೇ ಕಿತ್ತು ನೋಡಿ. ಟೇಪಿನ ಹಿಂಭಾಗ ಸ್ವಚ್ಛವಾಗಿದ್ದರೆ ಹಗುರ ಸಾಮಾನಿಗೆ ಅಂಟು ನಡೆಯುತ್ತದೆ. ಚಕ್ಕೆ ಬಂದರೆ ಆ ವಿಚಾರ ಅಲ್ಲಿಗೇ ಬಿಡಿ. ಆಯಿಲ್ ಪೇಂಟ್ ಹಚ್ಚಿದ ಗೋಡೆ, ಟೈಲ್ಸ್, ಪಾಲಿಶ್ ಮಾಡಿದ ಮರ ಇವುಗಳಿಗೆ ಅಂಟು ಚೆನ್ನಾಗಿ ಹಿಡಿಯುತ್ತದೆ.

ಮೂರನೆಯದು ತೇವದ ಪರೀಕ್ಷೆ. ಧಾರವಾಡದ ಮಳೆಗೆ ಇದು ಬೇಕೇ ಬೇಕು. ಒಂದು ಅಡಿ ಚೌಕದ ಫಾಯಿಲನ್ನು ಗೋಡೆಗೆ ಒತ್ತಿ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. ಒಂದು ದಿನ ಬಿಟ್ಟು ನೋಡಿ. ಗೋಡೆಯ ಕಡೆಯ ಮೈಗೆ ಹನಿ ಇದ್ದರೆ ತೇವ ಗೋಡೆಯೊಳಗಿಂದ ಬರುತ್ತಿದೆ. ಕೋಣೆಯ ಕಡೆಯ ಮೈ ಒದ್ದೆಯಾಗಿದ್ದರೆ ಗೋಡೆಯದ್ದಲ್ಲ, ಗಾಳಿಯ ತೇವ. ಅದಕ್ಕೆ ಕಿಟಕಿ ತೆರೆದಿಟ್ಟರೆ ಅರ್ಧ ಪರಿಹಾರ. ಗೋಡೆಯೊಳಗಿನ ತೇವ ಮಾತ್ರ ಮಾಲಕರೇ ಸರಿ ಮಾಡಿಸಬೇಕಾದ ಕೆಲಸ. ನೀವು ಅದರ ಮೇಲೆ ವಾಲ್‌ಪೇಪರ್ ಹಚ್ಚಿದರೆ ಒಳಗೆ ಬೂಸಲು ಬೆಳೆಯುತ್ತದೆ.

ಎಚ್ಚರಿಕೆಯ ಗುರುತುಗಳು ಇವು: ಗೋಡೆಯ ಬುಡದಲ್ಲಿ ಉಪ್ಪಿನ ಹಾಗೆ ಬಿಳಿ ಪುಡಿ, ಬಣ್ಣ ಉಬ್ಬಿ ಗುಳ್ಳೆ ಎದ್ದಿರುವುದು, ಬೀರು ತೆರೆದರೆ ಮುಗ್ಗಲು ವಾಸನೆ, ಚೌಕಟ್ಟಿನ ಬದಿಗೆ ಮಣ್ಣಿನ ಸಣ್ಣ ಕೊಳವೆಯಂಥ ಗೆರೆ. ಕೊನೆಯದು ಒರಲೆ, ಅಂದರೆ ಗೆದ್ದಲು. ಅಂಥ ಗೋಡೆಗೆ ಮರದ ಸಾಮಾನು ತಾಗಿಸಲೇಬೇಡಿ.

ಹುಬ್ಬಳ್ಳಿಯ ಎರೆಮಣ್ಣಿನ ಮೇಲೆ ಕಟ್ಟಿದ ಮನೆಗಳಲ್ಲಿ ಇನ್ನೊಂದು ಇದೆ. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಅದನ್ನು ಪೋಸ್ಟರ್ ಹಚ್ಚಿ ಮುಚ್ಚಬೇಡಿ. ಬಿರುಕಿನ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆಯಿರಿ. ಎರಡು ತಿಂಗಳಲ್ಲಿ ಗೆರೆ ದಾಟಿ ಮುಂದೆ ಹೋದರೆ ಮಾಲಕರಿಗೆ ತೋರಿಸಿ.

3. ನೆಲ ತೊಳೆಯುವುದು: ಇಲ್ಲಿ ಆ್ಯಸಿಡ್ ಬೇಡ

ಹಳೇ ಮನೆಗಳಲ್ಲಿ ಶಹಾಬಾದ ಫರಸಿ ಇರುತ್ತದೆ. ಮಂಕಾಗಿದೆ ಅಂತ ಆ್ಯಸಿಡ್ ಹಾಕಿ ತಿಕ್ಕುವವರು ತುಂಬಾ ಜನ. ಶಹಾಬಾದ ಕಲ್ಲು ಅಂದರೆ ಸುಣ್ಣದ ಕಲ್ಲು. ಆ್ಯಸಿಡ್ ಬಿದ್ದಲ್ಲಿ ನೊರೆ ಬಂದು ಕಲ್ಲಿನ ಮೈ ಕರಗುತ್ತದೆ, ಆ ಬಿಳಿ ಕಲೆ ಮತ್ತೆ ಹೋಗುವುದಿಲ್ಲ. ಅಡುಗೆಮನೆಯ ಕಡಪಾ ಕಲ್ಲಿಗೂ ಇದೇ ಮಾತು. ನಿಂಬೆರಸ, ಹುಣಸೆಹುಳಿ ಚೆಲ್ಲಿದರೆ ಕೂಡಲೇ ಒರೆಸಿ.

ಬಿಸಿನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಪ್ಲಾಸ್ಟಿಕ್ ಬ್ರಶ್‌ನಿಂದ ತಿಕ್ಕಿ, ಎರಡು ಸಲ ಶುದ್ಧ ನೀರಿನಿಂದ ಒರೆಸಿ. ಸ್ವಚ್ಛವಾದ ಬೂದು ಫರಸಿಯ ಮೇಲೆ ಯಾವ ಬಣ್ಣದ ಬಟ್ಟೆಯೂ ಒಪ್ಪುತ್ತದೆ. ಅದನ್ನು ಪ್ಲಾಸ್ಟಿಕ್ ಮ್ಯಾಟ್ ಹಾಸಿ ಮುಚ್ಚುವುದು ನನಗೆ ಇಷ್ಟವಿಲ್ಲ. ಅದರ ಕೆಳಗೆ ತೇವ ಸಿಕ್ಕಿಕೊಂಡು ವಾಸನೆಯೂ ಬರುತ್ತದೆ.

4. ಅಳತೆ, ದುಡ್ಡಿನ ಹಂಚಿಕೆ, ಬಣ್ಣ

ನೋಟ್‌ಬುಕ್ಕಿನಲ್ಲಿ ಒಂದೊಂದು ಕೋಣೆಗೆ ಒಂದೊಂದು ಪುಟ. ಉದ್ದ, ಅಗಲ, ಬಾಗಿಲು ಯಾವ ಕಡೆ ತೆರೆಯುತ್ತದೆ, ಕಿಟಕಿಯ ಅಗಲ, ಕಿಟಕಿ ನೆಲದಿಂದ ಎಷ್ಟು ಎತ್ತರ, ಪ್ಲಗ್ ಎಲ್ಲಿದೆ. ಆಮೇಲೆ ಹಳೇ ಪೇಪರನ್ನು ದಿವಾನದ ಅಳತೆಗೆ, ರಗ್ಗಿನ ಅಳತೆಗೆ ಜೋಡಿಸಿ ನೆಲದ ಮೇಲೆ ಹಾಸಿ. ಒಂದು ದಿನ ಅದರ ಸುತ್ತಲೇ ಓಡಾಡಿ. ಎಲ್ಲಿ ಕಾಲಿಗೆ ಅಡ್ಡ ಬರುತ್ತದೆ ಅಂತ ಸುಮ್ನೆ ಗೊತ್ತಾಗುತ್ತದೆ.

ಪಡಸಾಲೆ ಮತ್ತು ಒಂದು ಮಲಗುವ ಕೋಣೆಗೆ ನಾನು 12,000 ರೂಪಾಯಿ ಹೀಗೆ ಹಂಚುತ್ತೇನೆ: ಪರದೆ ಮತ್ತು ಹೊಲಿಗೆಗೆ 4,000, ಕೂರುವುದಕ್ಕೆ ಮತ್ತು ಹಾಸುವುದಕ್ಕೆ 3,000, ಬೆಳಕಿಗೆ 2,000, ಗೋಡೆ ಮತ್ತು ಗಿಡಕ್ಕೆ 1,000. ಉಳಿದ 2,000 ಮುಟ್ಟುವುದಿಲ್ಲ. ಮೂರು ತಿಂಗಳು ಆ ಮನೆಯಲ್ಲಿ ಬಾಳಿದ ಮೇಲೆ ನಿಜವಾಗಿ ಏನು ಕಡಿಮೆ ಇದೆ ಅಂತ ತಿಳಿಯುತ್ತದೆ, ಅದಕ್ಕೆ ಅದು.

ಬಣ್ಣಗಳು ಮೂರೇ ಸಾಕು. ಅವನ್ನು ನಿಮ್ಮ ಹತ್ತಿರ ಈಗಾಗಲೇ ಇರುವ ಒಂದು ಬಟ್ಟೆಯಿಂದ ಎತ್ತಿಕೊಳ್ಳಿ. ಇಳಕಲ್ ಸೀರೆಯಾದರೆ ಮೈಯ ಕಡುನೀಲಿ, ಸೆರಗಿನ ಕೆಂಪು, ಸೆರಗಿನೊಳಗಿನ ಬಿಳಿ. ಗೋಡೆ ಗಿಳಿಹಸಿರೋ ಗುಲಾಬಿಯೋ ಆಗಿದ್ದು ನಿಮಗೆ ಹಿಡಿಸದಿದ್ದರೆ, ಅದೇ ಬಣ್ಣದ ಎರಡು ಸಣ್ಣ ಸಾಮಾನು ಕೋಣೆಯಲ್ಲಿಡಿ. ಒಂದು ದಿಂಬು, ಒಂದು ಹೂಜಿ. ಆಗ ಗೋಡೆಯ ಬಣ್ಣ ಬೇಕೆಂದೇ ಇಟ್ಟ ಹಾಗೆ ಕಾಣುತ್ತದೆ.

5. ಬೆಳಕು

ಮೊದಲ ಖರ್ಚು ಇದಕ್ಕೇ ಆಗಲಿ. ಬಾಡಿಗೆ ಮನೆಗಳಲ್ಲಿ ಗೋಡೆಗೊಂದು ಬಿಳಿ ಟ್ಯೂಬ್ ಇರುತ್ತದೆ. ಅದರ ಬೆಳಕಿನಲ್ಲಿ ಎಂಥ ಒಳ್ಳೆ ಬಟ್ಟೆಯೂ ಪೇಲವ. ಬಲ್ಬಿನ ಡಬ್ಬದ ಮೇಲೆ ಕೆಲ್ವಿನ್ ಅಂಕಿ ನೋಡಿ. 2700ರಿಂದ 3000 ಇದ್ದರೆ ಹಳದಿ ಬೆಚ್ಚನೆಯ ಬೆಳಕು, 6500 ಅಂದರೆ ಟ್ಯೂಬಿನ ಬಿಳಿ. ಪಡಸಾಲೆಗೆ, ಮಲಗುವ ಕೋಣೆಗೆ ಹಳದಿ ತನ್ನಿ. ಅಡುಗೆಮನೆಗೆ, ಮಕ್ಕಳು ಓದುವ ಜಾಗಕ್ಕೆ ಬಿಳಿಯೇ ಇರಲಿ.

ಒಂದೇ ದೊಡ್ಡ ದೀಪದ ಬದಲು ಬೇರೆ ಬೇರೆ ಎತ್ತರದಲ್ಲಿ ಮೂರು ಸಣ್ಣ ದೀಪ ಇಡಿ: ನೆಲದ ಹತ್ತಿರ ಒಂದು, ಮೇಜಿನ ಮೇಲೆ ಒಂದು, ಗೋಡೆಯ ಗೂಡಿನಲ್ಲಿ ಒಂದು. 7 ಅಥವಾ 9 ವ್ಯಾಟಿನ ಎಲ್‌ಇಡಿ ಸಾಕು. ಮಾಲಕರ ಬಲ್ಬುಗಳನ್ನು ಪೇಪರಿನಲ್ಲಿ ಸುತ್ತಿ ಒಂದು ಡಬ್ಬದಲ್ಲಿಡಿ, ಹೋಗುವಾಗ ಬೇಕು.

ಬಲ್ಬಿಗೆ ತಾಗುವ ಹಾಗೆ ಬಟ್ಟೆ, ಕಾಗದ ಸುತ್ತಬೇಡಿ. ಎಕ್ಸ್‌ಟೆನ್ಷನ್ ವೈರ್ ಜಮಖಾನದ ಕೆಳಗೆ ಹಾಯಿಸಬೇಡಿ. ಸ್ವಿಚ್ ಬೋರ್ಡ್ ಕೈಗೆ ಬಿಸಿ ಹತ್ತಿದರೆ ಅಥವಾ ಚಟಪಟ ಸದ್ದು ಬಂದರೆ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಸಿ.

6. ಪರದೆ: ಹಳೇ ಸೀರೆಯಿಂದ, ಅಳತೆ ತಪ್ಪದ ಹಾಗೆ

ಹೆಚ್ಚು ತಪ್ಪಾಗುವುದು ಇಲ್ಲಿಯೇ, ಹಾಗಾಗಿ ನಿಧಾನ.

ಮೊದಲು ಸರಳು. ಚೌಕಟ್ಟು ಮರದ್ದಾಗಿದ್ದರೆ ಹಿಂದಿನವರು ಮಾಡಿದ ತೂತು ಇದ್ದೇ ಇರುತ್ತದೆ, ಅದರಲ್ಲೇ ಹುಕ್ಕು ತಿರುಗಿಸಿ ಸ್ಪ್ರಿಂಗ್ ವೈರ್ ಕಟ್ಟಿ. ಬಾಗಿಲಿಗೆ ಎರಡು ಬದಿಯ ಚೌಕಟ್ಟಿನ ನಡುವೆ ಒತ್ತಿ ನಿಲ್ಲುವ ಸ್ಪ್ರಿಂಗ್ ರಾಡ್ ಸಿಗುತ್ತದೆ. ಮೂರು ಅಡಿ ಬಾಗಿಲಿಗೆ ಅದು ಒಳ್ಳೆಯದು. ಐದು ಅಡಿ ಕಿಟಕಿಗೆ ದಪ್ಪ ಪರದೆ ಹಾಕಿದರೆ ಜಾರಿ ಬೀಳುತ್ತದೆ.

ಈಗ ಸೀರೆ. ಆರಿಸುವಾಗ ಬೆಳಕಿಗೆ ಹಿಡಿದು ನೋಡಿ. ವರ್ಷಗಟ್ಟಲೆ ಮಡಿಕೆ ಇದ್ದ ಕಡೆ ನೂಲು ಸವೆದಿರುತ್ತದೆ. ಆ ಮಡಿಕೆಯ ಎರಡೂ ಬದಿ ಹಿಡಿದು ಮೆಲ್ಲಗೆ ಜಗ್ಗಿ. ಪರ್ ಅಂತ ಸದ್ದು ಬಂದರೆ ಅದು ಪರದೆಗೆ ಆಗುವುದಿಲ್ಲ, ಹಳೇ ಬಟ್ಟೆ ತುಂಡು ಸೇರಿಸಿ ಹೊಲಿಯುವ ಕೌದಿಗೆ ಎತ್ತಿಡಿ. ಬಿಳಿ ಬಟ್ಟೆ ಒದ್ದೆ ಮಾಡಿ ಸೆರಗಿನ ಕೆಂಪಿನ ಮೇಲೆ ಉಜ್ಜಿ, ಬಣ್ಣ ಬಿಡುತ್ತದೆಯೇ ನೋಡಿ. ಬಿಡುವುದಾದರೆ ಪ್ರತಿ ಸಲ ಬೇರೆಯೇ ಒಗೆಯಬೇಕು.

ಕತ್ತರಿ ಹಾಕುವ ಮೊದಲು ಒಮ್ಮೆ ಒಗೆದು ಒಣಗಿಸಿ ಇಸ್ತ್ರಿ ಮಾಡಿ. ಹತ್ತಿ ಬಟ್ಟೆ ಮೊದಲ ನೀರಿಗೆ ಕುಗ್ಗುತ್ತದೆ. ಹೊಸ ಬಟ್ಟೆ ತಂದು ಹಾಗೇ ಹೊಲಿಸಿ, ಒಗೆದ ಮೇಲೆ ಗೇಣುದ್ದ ಗಿಡ್ಡ ಆಯಿತು ಅನ್ನುವವರ ಕಥೆ ಇದೇ.

ಲೆಕ್ಕ ಹೀಗೆ. ಸರಳಿನಿಂದ ನೆಲಕ್ಕೆ 7 ಅಡಿ, ಅಂದರೆ 84 ಇಂಚು ಇದೆ ಅನ್ನೋಣ. ದಿನಾ ನೆಲ ಒರೆಸುವ ಮನೆ ನಮ್ಮದು, ಕೆಳಗೆ 1 ಇಂಚು ಬಿಡಿ. ಉಳಿದದ್ದು 83. ಮೇಲೆ ಸರಳು ತೂರಲು 3 ಇಂಚು, ಕೆಳಗಿನ ಮಡಿಕೆಗೆ 4 ಇಂಚು ಸೇರಿಸಿ. ಒಟ್ಟು 90. ಐದೂವರೆ ಮೀಟರ್ ಸೀರೆ ಸುಮಾರು 216 ಇಂಚು. ಎರಡು ಪರದೆಗೆ 180 ಹೋದರೆ 36 ಇಂಚು ಉಳಿಯುತ್ತದೆ. ಅದನ್ನು ಸೀರೆಯ ಅಗಲದ ಗುಂಟ 17 ಇಂಚಿನ ಎರಡು ಪಟ್ಟಿ ಮಾಡಿದರೆ 16 ಇಂಚಿನ ಎರಡು ದಿಂಬಿಗೆ ಕವರ್ ಆಗುತ್ತದೆ. ಎರಡು ಇಂಚಿಗಿಂತ ಜಾಸ್ತಿ ಹಾಳಾಗುವುದಿಲ್ಲ.

ಅಗಲದ ಲೆಕ್ಕವೂ ಮುಖ್ಯ. ಪರದೆಯ ಒಟ್ಟು ಅಗಲ ಸರಳಿನ ಅಗಲಕ್ಕಿಂತ ಒಂದೂವರೆಯಿಂದ ಎರಡು ಪಟ್ಟು ಇರಬೇಕು, ಆಗಲೇ ನೆರಿಗೆ ಬೀಳುತ್ತದೆ. ಸೀರೆಯ ಅಗಲ 45 ಇಂಚು ಇದ್ದರೆ ಎರಡು ಸೇರಿ 90. ನಾಲ್ಕು ಅಡಿ ಕಿಟಕಿಗೆ ಸರಿಯಾಗಿ ಒಪ್ಪುತ್ತದೆ. ಸೀರೆಯ ಅಂಚು ಪರದೆಯ ಎರಡು ಬದಿಗೆ ನೇರವಾಗಿ ಇಳಿಯುತ್ತದೆ. ಸೆರಗನ್ನು ಒಂದು ಪರದೆಯ ಕೆಳಗೆ ಬರುವ ಹಾಗೆ ಇಟ್ಟುಕೊಳ್ಳಿ. ಪಡುವಣ ಕಿಟಕಿಯಿಂದ ಸಂಜೆ ಬಿಸಿಲು ಬಂದಾಗ ಆ ಕೆಂಪು ಫರಸಿಯ ಮೇಲೆ ಬೀಳುವುದನ್ನು ನೋಡಿದರೆ ಪೇಟೆಯ ಪಾಲಿಯೆಸ್ಟರ್ ಪರದೆ ತರುವ ಮನಸ್ಸೇ ಬರುವುದಿಲ್ಲ. ಆದರೆ ಅದೇ ಬಿಸಿಲಿಗೆ ಬಣ್ಣ ಬೇಗ ಮಾಸುತ್ತದೆ, ಅಂಥ ಕಿಟಕಿಗೆ ಹಿಂದೆ ಬಿಳಿ ಹತ್ತಿ ಲೈನಿಂಗ್ ಹೊಲಿಸಿ.

ಕಿಟಕಿ ಪರದೆ ಒಂದೋ ಕಿಟಕಿಯ ಕಟ್ಟೆಗಿಂತ ನಾಲ್ಕು ಇಂಚು ಕೆಳಗೆ ನಿಲ್ಲಲಿ, ಇಲ್ಲವೇ ನೆಲಕ್ಕೆ ಬರಲಿ. ನಡುವೆ ನಿಂತ ಪರದೆ ತುಂಡು ಲಂಗದ ಹಾಗೆ ಕಾಣುತ್ತದೆ. ದರ್ಜಿಗೆ ಅಳತೆಯನ್ನು ಚೀಟಿಯಲ್ಲಿ ಬರೆದು ಕೊಡಿ, "ಮಡಿಕೆ ಸೇರಿಸಿದ ಅಳತೆ" ಅಂತಲೂ ಬರೆಯಿರಿ. ಇಲ್ಲದಿದ್ದರೆ ಅವರು ಮಡಿಕೆಗೆ ಮತ್ತೊಮ್ಮೆ ಕಳೆಯುತ್ತಾರೆ.

7. ಕೂರುವ ಜಾಗ: ಗಾದಿ, ಕೌದಿ, ಜಮಖಾನ

ಸೋಫಾ ಕೊಳ್ಳಬೇಡಿ. ಮುಂದಿನ ಮನೆಯ ಮೆಟ್ಟಿಲಿನಲ್ಲಿ ಅದು ತಿರುಗದೇ ಹೋಗಬಹುದು. ಪಡಸಾಲೆಗೆ ಹತ್ತಿಯ ಗಾದಿ, ಎರಡು ಲೋಡು ಸಾಕು. ಗಾದಿಯನ್ನು ನೇರ ನೆಲದ ಮೇಲೆ ಹಾಕಿದರೆ ಮಳೆಗಾಲದಲ್ಲಿ ಕೆಳಗೆ ಕಪ್ಪು ಬೂಸಲು ಬರುತ್ತದೆ. ಕೆಳಗೆ ಗಾಳಿಯಾಡುವ ತಗ್ಗಿನ ಮರದ ಹಲಗೆಯ ಮಣೆ ಇರಲಿ, ಹದಿನೈದು ದಿನಕ್ಕೊಮ್ಮೆ ಬಿಸಿಲಿಗೆ ಹಾಕಿ. ಮೊಣಕಾಲು ನೋವಿನ ಹಿರಿಯರಿಗೆ ಅಂತ ಎರಡು ಕುರ್ಚಿ ಇಡುವುದನ್ನು ಮರೆಯಬೇಡಿ.

ಗಾದಿಯ ಮೇಲೆ ಕೌದಿ ಹಾಕಿ. ಮನೆಯಲ್ಲಿ ಅಜ್ಜಿ ಹೊಲಿದದ್ದು ಟ್ರಂಕಿನಲ್ಲಿ ಮಡಿಸಿಟ್ಟಿರುತ್ತದೆ, ಅಲ್ವಾ? ತೆಗೆದು ಹಾಸಿ. ಕೌದಿಯಲ್ಲೇ ಬೇಕಾದಷ್ಟು ಬಣ್ಣ ಇರುತ್ತದೆ, ಆದ್ದರಿಂದ ಲೋಡಿನ ಕವರ್ ಒಂದೇ ಬಣ್ಣದ ಖಾದಿಯದ್ದಾಗಲಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ, ರಾಷ್ಟ್ರಧ್ವಜ ತಯಾರಾಗುವ ಖಾದಿ ಸಂಘದ ಕಡೆ ಹೋದರೆ ಇಂಥ ಬಟ್ಟೆ ನೋಡಬಹುದು. ಗುಳೇದಗುಡ್ಡದ ಖಣವೂ ಚೆಂದ, ಆದರೆ ಅದರ ಅಗಲ ಕಡಿಮೆ. ಸಣ್ಣ ದಿಂಬಿಗೆ ಇಟ್ಟುಕೊಳ್ಳಿ, ಕೊಳ್ಳುವಾಗ ಟೇಪ್ ಹಿಡಿದು ಅಳೆಯಿರಿ.

ನೆಲಕ್ಕೆ ದಪ್ಪ ರೋಮದ ರಗ್ಗು ಬೇಡ, ನಮ್ಮ ಧೂಳಿಗೆ ಅದು ತಡೆಯುವುದಿಲ್ಲ. ಹತ್ತಿಯ ಜಮಖಾನ ಝಾಡಿಸಬಹುದು, ಬಿಸಿಲಿಗೆ ಹಾಕಬಹುದು. ನವಲಗುಂದದ್ದು ಕೈಮಗ್ಗದ್ದು, ಬೆಲೆ ಜಾಸ್ತಿ. ನವಿಲಿನದೋ ಪಗಡೆ ಹಾಸಿನದೋ ಒಂದು ಸಣ್ಣ ಜಮಖಾನ ತಂದರೂ ಕೋಣೆಗೆ ಅದೇ ಮುಖ್ಯವಾಗುತ್ತದೆ. ಸಣ್ಣದಾದರೆ ನಡುವೆ ಒಂಟಿಯಾಗಿ ಬಿಡದೆ, ಅದರ ಒಂದು ಅಂಚು ಗಾದಿಯ ಮಣೆಯ ಕೆಳಗೆ ಹೋಗುವ ಹಾಗೆ ಹಾಸಿ. ಜಾರದಂತೆ ಕೆಳಗೆ ರಬ್ಬರ್ ಜಾಳಿಗೆ ಇರಲಿ.

ಹಳೇ ಮಂಚ, ಮೇಜು ಕೊಳ್ಳುವವರು ಹಗಲು ಹೊತ್ತಿನಲ್ಲಿ ನೋಡಿ. ಕೀಲುಗಳಲ್ಲಿ ಕಾಳುಮೆಣಸಿನ ಪುಡಿ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ ಇದ್ದರೆ ತಗಣಿ. ಎಷ್ಟು ಅಗ್ಗವಾದರೂ ಬೇಡ. ಮರದ ಕೆಳಗೆ ಸಣ್ಣ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಹುಳ ಇನ್ನೂ ಒಳಗಿದೆ.

8. ನೀರಿನ ಡ್ರಮ್ಮು

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಬಹಳ ಓಣಿಗಳಲ್ಲಿ ನಳದ ನೀರು ದಿನಾ ಬರುವುದಿಲ್ಲ. ಹಾಗಾಗಿ ಮನೆಯೊಳಗೆ ಎರಡು ನೀಲಿ ಡ್ರಮ್ ಇದ್ದೇ ಇರುತ್ತವೆ. ಬೇರೆ ಊರಿನವರ ಅಲಂಕಾರದ ವಿಡಿಯೋದಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಸಾಧ್ಯವಾದರೆ ಡ್ರಮ್ಮುಗಳನ್ನು ಒಂದೇ ಮೂಲೆಗೆ ಸೇರಿಸಿ, ಮುಂದೆ ಸ್ಪ್ರಿಂಗ್ ರಾಡಿಗೆ ಹತ್ತಿ ಬಟ್ಟೆ ಇಳಿಬಿಡಿ. ಬಟ್ಟೆ ನೆಲದಿಂದ ಆರು ಇಂಚು ಮೇಲಿರಲಿ, ಇಲ್ಲದಿದ್ದರೆ ಸದಾ ಒದ್ದೆ. ಮುಚ್ಚಳ ಮಾತ್ರ ಬಿಗಿಯಾಗಿರಲೇಬೇಕು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿನೀರಿನಲ್ಲೇ. ಪರದೆಯ ಹಿಂದೆ ಕಾಣುವುದಿಲ್ಲ ಅಂತ ಮರೆತುಬಿಡುವ ಅಪಾಯ ಇದೆ. ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೋಡೆ ತಿಕ್ಕಿ ತೊಳೆಯಿರಿ.

9. ಗೋಡೆ ಮತ್ತು ಗಿಡ

2ನೇ ಹಂತದಲ್ಲಿ ಪಾಸಾದ ಗೋಡೆಗೆ ಮಾತ್ರ ಅಂಟಿಸುವ ಹುಕ್ಕು. ಜಾಗವನ್ನು ಸ್ಪಿರಿಟ್‌ನಿಂದ ಒರೆಸಿ ಒಣಗಿಸಿ, ಹುಕ್ಕನ್ನು ಅರ್ಧ ನಿಮಿಷ ಗಟ್ಟಿ ಒತ್ತಿ ಹಿಡಿಯಿರಿ. ಒಂದು ಗಂಟೆ ಏನೂ ತೂಗುಹಾಕಬೇಡಿ. ಡಬ್ಬದ ಮೇಲೆ ಬರೆದ ತೂಕದ ಅರ್ಧಕ್ಕಿಂತ ಜಾಸ್ತಿ ಭಾರ ಬೇಡ. ಮಲಗುವ ತಲೆದಿಂಬಿನ ಮೇಲ್ಗಡೆ ಗಾಜಿನ ಫ್ರೇಮ್ ಹಾಕಲೇಬೇಡಿ. ಹುಕ್ಕಿನ ಅಂಚು ಎದ್ದು ಕಂಡರೆ ಅವತ್ತೇ ಭಾರ ಇಳಿಸಿ.

ಗೋಡೆ ಪಾಸಾಗದಿದ್ದರೆ ಹಳೇ ಕ್ಯಾಲೆಂಡರ್ ಮೊಳೆಗಳೇ ಆಧಾರ. ಅವು ಎತ್ತರದಲ್ಲಿರುತ್ತವೆ. ಉದ್ದ ಹುರಿ ಕಟ್ಟಿ ಚಿತ್ರವನ್ನು ಕೆಳಗೆ ಇಳಿಸಿ. ಚಿತ್ರದ ನಡುಭಾಗ ನೆಲದಿಂದ ಸುಮಾರು 57ರಿಂದ 60 ಇಂಚಿಗೆ ಬಂದರೆ ಕಣ್ಣಿಗೆ ಸರಿ. ಮೇದಾರರು ಹೆಣೆದ ಮೊರ, ತಟ್ಟೆಬುಟ್ಟಿ ಹಗುರ, ಗೋಡೆಗೆ ಒಪ್ಪುತ್ತವೆ. ಹಳೇ ಕುಪ್ಪಸದ ಕಸೂತಿ ತುಂಡು ಉಳಿದಿದ್ದರೆ ಫ್ರೇಮ್ ಹಾಕಿಸಿ ಗೂಡಿನಲ್ಲಿ ಒರಗಿಸಿಡಿ. ಗೋಪುರವೋ ತೇರೋ ಇರುವ ಅಂಗೈಯಗಲದ ಕಸೂತಿಯ ಮುಂದೆ ಪ್ರಿಂಟ್ ಹಾಕಿದ ಪೋಸ್ಟರ್ ನಿಲ್ಲುವುದಿಲ್ಲ. ಅದನ್ನು ಬಿಸಿಲಿನಿಂದ ದೂರ ಇಡಿ.

ಗಿಡಕ್ಕೆ ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್ ಸಾಕು. ನೀರು ಜಾಸ್ತಿಯಾಗಿಯೇ ಅವು ಸಾಯುತ್ತವೆ. ಮಣ್ಣಿಗೆ ಬೆರಳು ಇಳಿಸಿ ಒಣಗಿದ್ದರೆ ಮಾತ್ರ ನೀರು ಹಾಕಿ. ಕುಂಡದ ಕೆಳಗೆ ತಟ್ಟೆ ಇಡಿ, ಫರಸಿಗೆ ಕಲೆ ಆಗುವುದಿಲ್ಲ. ಆ ತಟ್ಟೆಯಲ್ಲೂ ನೀರು ನಿಲ್ಲಬಾರದು.

10. ಮನೆ ಬಿಡುವ ವಾರ

ಹುಕ್ಕನ್ನು ಕೀಳುವಾಗ ಮುಂದಕ್ಕೆ ಎಳೆಯಬೇಡಿ. ಎಳೆಯುವ ಪಟ್ಟಿ ಇದ್ದರೆ ಅದನ್ನು ಗೋಡೆಗೆ ಸಮಾನಾಂತರವಾಗಿ ಕೆಳಕ್ಕೆ ನಿಧಾನ ಜಗ್ಗಿ. ಪಟ್ಟಿ ಇಲ್ಲದ್ದಕ್ಕೆ ಹೇರ್ ಡ್ರೈಯರ್‌ನಿಂದ ಬಿಸಿ ಕೊಟ್ಟು, ಹಿಂದೆ ಗಟ್ಟಿ ದಾರ ತೂರಿ ಗರಗಸದ ಹಾಗೆ ಆಡಿಸಿ. ಸಣ್ಣ ತೂತಿಗೆ ಟೂತ್‌ಪೇಸ್ಟ್ ತುಂಬಬೇಡಿ, ಕೆಲವು ದಿನಕ್ಕೆ ಸೊರಗಿ ಬಿರಿಯುತ್ತದೆ. ಗೋಡೆಯ ಪುಟ್ಟಿ ಸ್ವಲ್ಪ ತಂದು ಹಚ್ಚಿ, ಒಣಗಿದ ಮೇಲೆ ಉಜ್ಜುಕಾಗದದಿಂದ ಸಪಾಟು ಮಾಡಿ. ಬಣ್ಣದ ಶೇಡ್ ಯಾವುದು ಅಂತ ಮಾಲಕರನ್ನೇ ಕೇಳಿ. ಅಂದಾಜಿನ ಬಣ್ಣ ಹಚ್ಚಿದರೆ ತೂತಿಗಿಂತ ದೊಡ್ಡ ಕಲೆ ಕಾಣುತ್ತದೆ.

ಡಬ್ಬದಲ್ಲಿಟ್ಟ ಮಾಲಕರ ಬಲ್ಬು, ಸ್ಕ್ರೂಗಳನ್ನು ಮತ್ತೆ ಅವುಗಳ ಜಾಗಕ್ಕೆ ಹಾಕಿ. ಪರದೆಗಳನ್ನು ಬಿಚ್ಚಿ ಕೆಳಗಿನ ನಾಲ್ಕು ಇಂಚಿನ ಮಡಿಕೆ ಬಿಚ್ಚಬಹುದೇ ನೋಡಿಟ್ಟುಕೊಳ್ಳಿ, ಮುಂದಿನ ಮನೆಯ ಬಾಗಿಲು ಎತ್ತರವಿದ್ದರೆ ಅದು ಒದಗುತ್ತದೆ. ಮೊದಲ ದಿನ ತೆಗೆದ ಫೋಟೋಗಳನ್ನು ಫೋನಿನಲ್ಲಿ ತೆರೆದು, ಅದೇ ಜಾಗದಲ್ಲಿ ನಿಂತು ಪ್ರತಿ ಗೋಡೆಯ ಹೊಸ ಫೋಟೋ ತೆಗೆಯಿರಿ. ಕೀಲಿ ಕೊಡುವ ಮೊದಲು ಎರಡನ್ನೂ ಮಾಲಕರ ಜೊತೆ ಕೂತು ನೋಡಿ.